ಫಾರ್ಮ್ಯಾಟ್ ಮಾಡುವ ಮೊದಲು ನೀಲಿ ಪರದೆಯನ್ನು ಓದಿ

ಸೋಮವಾರ 'ಮೆಮೊರಿ ಮ್ಯಾನೇಜ್‌ಮೆಂಟ್'. ಬುಧವಾರ 'ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ'. ಶುಕ್ರವಾರ 'ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್'. ಗೆಳೆಯನೊಬ್ಬ, ವಿಂಡೋಸ್ ಏಕಾಏಕಿ ನಿಂತಾಗ ತನ್ನ ಡೆಸ್ಕ್‌ಟಾಪಿನಲ್ಲಿ ಬೀಳುತ್ತಿದ್ದ ನೀಲಿ ಪರದೆಯ ಫೋಟೊಗಳನ್ನು ಒಂದರ ಹಿಂದೆ ಒಂದು ಕಳಿಸುತ್ತಲೇ ಇದ್ದ. ಅಷ್ಟರಲ್ಲಿ ಎರಡು ಸಲ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿಯೂ ಆಗಿತ್ತು. ಎರಡನೇ ಸಲವಂತೂ ಇನ್‌ಸ್ಟಾಲ್ ಅರ್ಧದಲ್ಲೇ ನಿಂತು, ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. "ಈ ವಿಂಡೋಸೇ ಸರಿ ಇಲ್ಲ ಮಾರಾಯ, ಇನ್ನೊಂದ್ಸಲ ಹಾಕಿ ನೋಡ್ತೀನಿ" ಅಂದ. ಬೇಡ ಅಂದೆ. ಉತ್ತರದ ಮುಕ್ಕಾಲು ಪಾಲು ಆ ಮೂರು ಫೋಟೊಗಳಲ್ಲೇ ಇತ್ತು. ಯಾವ ಕೋಡ್ ಬಂತು ಎನ್ನುವುದಕ್ಕಿಂತ, ಪ್ರತಿ ಸಲವೂ ಬೇರೆ ಬೇರೆ ಕೋಡ್ ಬರುತ್ತಿದೆ ಎನ್ನುವುದೇ ಅಲ್ಲಿನ ದೊಡ್ಡ ಸುಳಿವು.

ನೀಲಿ ಪರದೆ ಬಿದ್ದ ಕೂಡಲೇ ಸಿಸ್ಟಂ ಕೆಟ್ಟುಹೋಯಿತು ಅಂದುಕೊಳ್ಳುತ್ತೇವೆ. ನಿಜಕ್ಕೂ ಅದು ಆಪರೇಟಿಂಗ್ ಸಿಸ್ಟಂ ಬೇಕೆಂದೇ ತೆಗೆದುಕೊಳ್ಳುವ ತೀರ್ಮಾನ. ವಿಂಡೋಸಿನ ಒಳಗಿರುವ ಕರ್ನಲ್ ಎಂಬ ಭಾಗ ಮೆಮೊರಿ, ಡಿಸ್ಕ್, ಪ್ರೊಸೆಸರ್ ಎಲ್ಲವನ್ನೂ ನೇರವಾಗಿ ಆಳುತ್ತದೆ. ತನ್ನ ಲೆಕ್ಕದಲ್ಲಿ ಇರಲೇಬಾರದ ಒಂದು ಸ್ಥಿತಿ ಕಣ್ಣಿಗೆ ಬಿದ್ದಾಗ ಅದಕ್ಕೆ ಎರಡೇ ದಾರಿ. ಏನೂ ಆಗಿಲ್ಲವೆಂಬಂತೆ ಮುಂದುವರಿದರೆ ಕೆಟ್ಟುಹೋದ ಮಾಹಿತಿಯನ್ನು ನಿಮ್ಮ ಡಿಸ್ಕಿಗೆ ಬರೆದುಬಿಡುವ ಅಪಾಯವಿದೆ. ಆದ್ದರಿಂದ ಅದು ಇನ್ನೊಂದು ದಾರಿ ಹಿಡಿಯುತ್ತದೆ: ಇದ್ದಲ್ಲೇ ನಿಂತು, ಆ ಕ್ಷಣದ ಮೆಮೊರಿಯ ನಕಲನ್ನು ಒಂದು ಫೈಲಿಗೆ ಸುರಿದು, ಸ್ಟಾಪ್ ಕೋಡ್ ಎಂಬ ಕಾರಣದ ಹೆಸರನ್ನು ಪರದೆಗೆ ಹಾಕಿ ಕೈ ಚೆಲ್ಲುತ್ತದೆ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಇದಕ್ಕೆ ಕರ್ನಲ್ ಪ್ಯಾನಿಕ್ ಎನ್ನುತ್ತಾರೆ. ಹೆಸರು ಕೇಳಿದರೆ ಗಾಬರಿ ಬಿದ್ದಂತೆ ಇದೆ, ಕೆಲಸ ಮಾತ್ರ ಬಹಳ ಎಚ್ಚರದ್ದು.

ಬ್ರೌಸರ್ ಕ್ರ್ಯಾಶ್ ಆದರೆ ಬ್ರೌಸರ್ ಮಾತ್ರ ಮುಚ್ಚಿಕೊಳ್ಳುತ್ತದೆ, ಉಳಿದವು ನಡೆಯುತ್ತಿರುತ್ತವೆ. ಸಾಮಾನ್ಯ ಪ್ರೋಗ್ರಾಂಗಳಿಗೆ ಕರ್ನಲ್ ಒಳಗೆ ಪ್ರವೇಶವಿಲ್ಲದಿರುವುದೇ ಇದಕ್ಕೆ ಕಾರಣ. ಪ್ರವೇಶ ಇರುವುದು ಸಾಧನಗಳನ್ನು ನಡೆಸುವ ತಂತ್ರಾಂಶಗಳಾದ ಡ್ರೈವರ್‌ಗಳಿಗೆ: ಗ್ರಾಫಿಕ್ಸ್, ವೈಫೈ, ಸೌಂಡ್, ಡಿಸ್ಕ್ ಕಂಟ್ರೋಲರ್, ಇವುಗಳ ಜೊತೆಗೆ ಆ್ಯಂಟಿವೈರಸ್ ಮತ್ತು ಕೆಲವು ಆಟಗಳಲ್ಲಿ ಮೋಸ ತಡೆಯುವ ಆ್ಯಂಟಿಚೀಟ್. ಇವೆಲ್ಲ ಕರ್ನಲ್ ಜೊತೆ ಒಂದೇ ಪಂಕ್ತಿಯಲ್ಲಿ ಕೂರುತ್ತವೆ; ಇವುಗಳಲ್ಲಿ ಒಂದು ಎಡವಿದರೂ ಎಲ್ಲರ ಎಲೆಯೂ ಮಗುಚಿತು. 1998ರ ಏಪ್ರಿಲ್‌ನಲ್ಲಿ ಕಾಮ್‌ಡೆಕ್ಸ್ ಮೇಳದ ವೇದಿಕೆಯ ಮೇಲೆ, ಬಿಲ್ ಗೇಟ್ಸ್ ಪಕ್ಕದಲ್ಲಿ ನಿಂತಿದ್ದಾಗಲೇ, ವಿಂಡೋಸ್ 98ಕ್ಕೆ ಒಂದು ಸ್ಕ್ಯಾನರ್ ಚುಚ್ಚಿದೊಡನೆ ನೀಲಿ ಪರದೆ ಬಿದ್ದದ್ದನ್ನು ಇಂದಿಗೂ ಜನ ನೋಡಿ ನಗುತ್ತಾರೆ. ಅಲ್ಲೂ ಗಲಾಟೆ ಶುರುವಾದದ್ದು ಹೊಸದಾಗಿ ಚುಚ್ಚಿದ ಒಂದು ಸಾಧನದಿಂದಲೇ. 2001ರಲ್ಲಿ ಎಕ್ಸ್‌ಪಿ ಬಂದಾಗ ಮನೆಬಳಕೆಯ ವಿಂಡೋಸ್ ಕೂಡ ಕಚೇರಿ ಯಂತ್ರಗಳಲ್ಲಿದ್ದ ಗಟ್ಟಿಯಾದ ಎನ್‌ಟಿ ತಳಪಾಯಕ್ಕೆ ಬದಲಾಯಿತು. ವಿಸ್ತಾದಿಂದ ಗ್ರಾಫಿಕ್ಸ್ ಡ್ರೈವರಿನ ಬಹುಪಾಲು ಕರ್ನಲ್‌ನಿಂದ ಆಚೆ ಬಂತು. ಈಗ ಗ್ರಾಫಿಕ್ಸ್ ಕಾರ್ಡ್ 2 ಸೆಕೆಂಡಿನೊಳಗೆ ಓಗೊಡದಿದ್ದರೆ ವಿಂಡೋಸ್ ಅದನ್ನಷ್ಟೇ ರೀಸೆಟ್ ಮಾಡಿ ಕೆಲಸ ಮುಂದುವರಿಸುತ್ತದೆ. ಪರದೆ ಒಮ್ಮೆ ಕಪ್ಪಾಗಿ ಮರಳಿ ಬಂದದ್ದನ್ನು ನೀವೂ ನೋಡಿರಬಹುದು. ಆ ರೀಸೆಟ್ಟೂ ಕೈಕೊಟ್ಟರೆ ಮಾತ್ರ 'ವಿಡಿಯೊ ಟಿಡಿಆರ್ ಫೇಲ್ಯೂರ್' ಎಂಬ ನೀಲಿ ಪರದೆ.

ಇಷ್ಟೆಲ್ಲ ಸುಧಾರಣೆಯ ನಂತರವೂ ಕರ್ನಲ್ ಪಂಕ್ತಿಯಲ್ಲಿ ಒಬ್ಬರು ಎಡವಿದರೆ ಏನಾಗುತ್ತದೆ ಎಂದು 2024ರ ಜುಲೈ 19ರಂದು ಇಡೀ ಜಗತ್ತು ನೋಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ಫಾಲ್ಕನ್ ತಂತ್ರಾಂಶಕ್ಕೆ ಒಂದು ಚಿಕ್ಕ ಕಾನ್ಫಿಗರೇಷನ್ ಫೈಲ್ ಕಳಿಸಿತು. ಫೈಲಿನ ವಿನ್ಯಾಸ 21 ಮಾಹಿತಿ ಖಾನೆಗಳನ್ನು ನಿರೀಕ್ಷಿಸುತ್ತಿತ್ತು, ಅದನ್ನು ಓದುವ ಕೋಡ್ ಒದಗಿಸುತ್ತಿದ್ದದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋದ ಡ್ರೈವರ್ ತನ್ನದಲ್ಲದ ಮೆಮೊರಿಗೆ ಕೈ ಹಾಕಿತು, ಕರ್ನಲ್ ತಕ್ಷಣ ನಿಂತಿತು. ಆ ಡ್ರೈವರ್ ಕಂಪ್ಯೂಟರ್ ಶುರುವಾಗುವಾಗಲೇ ಎಚ್ಚರಗೊಳ್ಳುವಂಥದ್ದು. ಹಾಗಾಗಿ ರೀಸ್ಟಾರ್ಟ್ ಮಾಡಿದರೆ ಮತ್ತೆ ಅದೇ ನೀಲಿ ಪರದೆ. ಕಂಪನಿ 78 ನಿಮಿಷದಲ್ಲಿ ಆ ಫೈಲನ್ನು ಹಿಂದಕ್ಕೆ ಪಡೆದರೂ ಅಷ್ಟರಲ್ಲಿ ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ಯಂತ್ರಗಳು ಬಿದ್ದಿದ್ದವು. ಜಗತ್ತಿನ ವಿಂಡೋಸ್ ಯಂತ್ರಗಳಲ್ಲಿ ಇದು ಶೇಕಡಾ 1ಕ್ಕಿಂತ ಕಡಿಮೆ. ಆದರೂ ವಿಮಾನಗಳು ನೆಲದಲ್ಲೇ ಉಳಿದವು, ಆಸ್ಪತ್ರೆಗಳ ಕೆಲಸ ಏರುಪೇರಾಯಿತು. ಪರಿಹಾರ ಮಾತ್ರ ನಾಚಿಕೆಯಾಗುವಷ್ಟು ಸರಳ: ಅತ್ಯಗತ್ಯ ಡ್ರೈವರ್‌ಗಳನ್ನಷ್ಟೇ ಎಬ್ಬಿಸುವ ಸೇಫ್ ಮೋಡಿನಲ್ಲಿ ಶುರು ಮಾಡಿ, ಡ್ರೈವರ್ ಫೋಲ್ಡರಿನೊಳಗೆ ಹೆಸರಿನಲ್ಲಿ 291 ಸಂಖ್ಯೆಯಿದ್ದ ಒಂದು ಫೈಲನ್ನು ಅಳಿಸಿ, ರೀಸ್ಟಾರ್ಟ್ ಮಾಡುವುದು. ಯಾರೂ ಫಾರ್ಮ್ಯಾಟ್ ಮಾಡಬೇಕಾಗಿರಲಿಲ್ಲ.

ಅಂದು ಲಕ್ಷಾಂತರ ಪರದೆಗಳ ಮೇಲೆ ಕಂಡ ಕೋಡ್ ಯಾವುದು ಗೊತ್ತೆ? 'ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ'. ನನ್ನ ಗೆಳೆಯನ ಬುಧವಾರದ ಫೋಟೊದಲ್ಲಿದ್ದದ್ದೇ. ಕೋಡ್ ಒಂದೇ, ರೋಗ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲದ್ದು. ಕೋಡನ್ನು ಗೂಗಲ್‌ಗೆ ಹಾಕಿ, ಮೊದಲು ಸಿಕ್ಕ ಪರಿಹಾರವನ್ನು ಮಾಡಿಬಿಡುವ ನಮ್ಮ ಅಭ್ಯಾಸ ಎಡವುವುದು ಇಲ್ಲೇ. ಪ್ರತಿ ಸಲವೂ ಅದೇ ಕೋಡ್, ಅದೇ ಫೈಲಿನ ಹೆಸರು, ಅದೇ ಕೆಲಸ ಮಾಡುವಾಗ ಬಂದರೆ ಅನುಮಾನ ತಂತ್ರಾಂಶದ ಮೇಲೆ ಹೋಗಬೇಕು. ಹೊತ್ತುಗೊತ್ತಿಲ್ಲದೆ, ದಿನಕ್ಕೊಂದು ವೇಷ ಹಾಕಿ ಬಂದರೆ ಮೊದಲು ಹಾರ್ಡ್‌ವೇರ್ ನೋಡಬೇಕು. ಈ ನಿಯಮಕ್ಕೆ ಅಪವಾದಗಳಿವೆ. ಮೆಮೊರಿಯನ್ನು ಗೀಚಿಹಾಕುವ ಕೆಟ್ಟ ಡ್ರೈವರ್ ಕೂಡ ದಿನಕ್ಕೊಂದು ಕೋಡ್ ತರಿಸಬಲ್ಲದು. ಆದರೂ ಹುಡುಕಾಟ ಎಲ್ಲಿಂದ ಶುರುವಾಗಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಿಕ್ಸೂಚಿ ನನಗೆ ಸಿಕ್ಕಿಲ್ಲ.

ಮೊದಲು ಪುರಾವೆ

ಫಾರ್ಮ್ಯಾಟ್ ಮಾಡಿದರೆ ಮೊದಲು ಅಳಿಸಿಹೋಗುವುದು ಪುರಾವೆ. ಆದ್ದರಿಂದ ಯಾವುದಕ್ಕೂ ಕೈ ಹಾಕುವ ಮೊದಲು ಒಂದು ಕೆಲಸ ಮಾಡಿ. ಸಿಸ್ಟಂ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಪುಟದಲ್ಲಿ 'ಸ್ಟಾರ್ಟಪ್ ಆ್ಯಂಡ್ ರಿಕವರಿ' ತೆರೆದು 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಎಂಬಲ್ಲಿನ ಟಿಕ್ ತೆಗೆಯಿರಿ. ಇಲ್ಲದಿದ್ದರೆ ಪರದೆ ಬಂದು ಓದುವಷ್ಟರಲ್ಲಿ ಮಾಯವಾಗುತ್ತದೆ, ನಿಮ್ಮ ಕೈಯಲ್ಲಿ ಉಳಿಯುವುದು "ಏನೋ ನೀಲಿ ಬಂತು, ಹೋಯ್ತು" ಎಂಬ ವರ್ಣನೆ ಮಾತ್ರ. ಆಮೇಲೆ ಸ್ಟಾರ್ಟ್ ಮೆನುವಿನಲ್ಲಿ 'ರಿಲಯಬಿಲಿಟಿ' ಎಂದು ಟೈಪ್ ಮಾಡಿದರೆ ಸಿಗುವ ರಿಲಯಬಿಲಿಟಿ ಹಿಸ್ಟರಿ ತೆರೆಯಿರಿ. ವಿಸ್ತಾ ಕಾಲದಿಂದಲೂ ವಿಂಡೋಸಿನಲ್ಲಿದ್ದು, ಯಾರ ಕಣ್ಣಿಗೂ ಬೀಳದೆ ಮೂಲೆಯಲ್ಲಿ ಕೂತಿರುವ ಸಾಧನ ಇದು. ದಿನದಿನಕ್ಕೆ ಒಂದು ಗೆರೆ, ಅದರ ಕೆಳಗೆ ಯಾವ ದಿನ ಏನು ಕ್ರ್ಯಾಶ್ ಆಯಿತು, ಯಾವ ಅಪ್‌ಡೇಟ್ ಬಂತು, ಯಾವ ಪ್ರೋಗ್ರಾಂ ಹಾಕಿದಿರಿ ಎಂಬ ವಿವರ. ಗೆರೆ ಚೆನ್ನಾಗಿ ಮೇಲೆ ಹೋಗುತ್ತಿದ್ದು ಒಂದು ದಿನದಿಂದ ಕುಸಿಯತೊಡಗಿದ್ದರೆ, ಆ ದಿನ ಅಥವಾ ಅದರ ಹಿಂದಿನ ದಿನ ಏನು ಬದಲಾಯಿತೆಂದು ಅಲ್ಲೇ ಕಾಣುತ್ತದೆ. "ನಾನೇನೂ ಮಾಡಿಲ್ಲ, ತಾನಾಗೇ ಹಾಳಾಯ್ತು" ಎಂದವರ ಯಂತ್ರದಲ್ಲಿ ಆ ಪುಟ ತೆರೆದು ನೋಡುವುದು ಒಂಥರಾ ಮಜಾ.

ವಿಂಡೋಸ್ ತನ್ನ ಆಗುಹೋಗುಗಳನ್ನು ಬರೆದಿಡುವ ಈವೆಂಟ್ ವ್ಯೂವರ್ ಬಗ್ಗೆ ಒಂದು ಎಚ್ಚರಿಕೆ. ಕ್ರ್ಯಾಶ್ ಆದ ನಂತರ ಅದನ್ನು ತೆರೆದವರಿಗೆಲ್ಲ ಕೆಂಪು ಗುರುತಿನ 'ಕರ್ನಲ್ ಪವರ್ 41' ಕಾಣುತ್ತದೆ. ಕೂಡಲೇ ಪವರ್ ಸಪ್ಲೈ ಹೋಗಿದೆ ಎಂದು ತೀರ್ಮಾನಿಸಿ ಹೊಸದು ತರುತ್ತಾರೆ. ಆದರೆ 41 ಹೇಳುವುದು ಇಷ್ಟೇ: ಹಿಂದಿನ ಸಲ ಸಿಸ್ಟಂ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ. ಅದು ಅಪಘಾತವಾದ ಮೇಲೆ ಬರೆದ ಟಿಪ್ಪಣಿ. ಅದರೊಳಗಿನ 'ಬಗ್‌ಚೆಕ್ ಕೋಡ್' ಎಂಬ ಸಾಲು ನೋಡಿ. ಅಲ್ಲಿ ಸೊನ್ನೆ ಇದ್ದರೆ ಕರ್ನಲ್‌ಗೆ ಕೈ ಎತ್ತುವಷ್ಟೂ ಸಮಯ ಸಿಕ್ಕಿಲ್ಲ ಎಂದರ್ಥ: ಕರೆಂಟ್ ಹೋಗಿರಬಹುದು, ಪವರ್ ಸಪ್ಲೈ ಕೈಕೊಟ್ಟಿರಬಹುದು, ಹ್ಯಾಂಗ್ ಆಗಿ ನೀವೇ ಬಟನ್ ಒತ್ತಿ ಹಿಡಿದಿರಬಹುದು. ಸೊನ್ನೆಯಲ್ಲದ ಸಂಖ್ಯೆ ಇದ್ದರೆ ಅದೇ ನಿಜವಾದ ಸ್ಟಾಪ್ ಕೋಡ್, ಆದರೆ ದಶಮಾನದಲ್ಲಿ. ಅಲ್ಲಿ 292 ಎಂದು ಕಂಡರೆ ಹದಿನಾರರ ಲೆಕ್ಕದಲ್ಲಿ ಅದು 124, ಅಂದರೆ ಹಾರ್ಡ್‌ವೇರ್ ದೋಷ ಹೇಳುವ 'ವೀಯಾ ಅನ್‌ಕರೆಕ್ಟಬಲ್ ಎರರ್'. ಈ ಪರಿವರ್ತನೆ ತಿಳಿಯದೆ 292ರ ಅರ್ಥ ಹುಡುಕುತ್ತ ಸಂಜೆ ಕಳೆದವರಲ್ಲಿ ನಾನೂ ಒಬ್ಬ.

ಮುಂದಿನದು ಡಂಪ್ ಫೈಲ್, ಅಂದರೆ ಕರ್ನಲ್ ನಿಲ್ಲುವಾಗ ಸುರಿದ ಆ ಮೆಮೊರಿಯ ನಕಲು. ವಿಂಡೋಸ್ ಫೋಲ್ಡರಿನೊಳಗಿನ ಮಿನಿಡಂಪ್ ಎಂಬ ಫೋಲ್ಡರಿನಲ್ಲಿ ಪ್ರತಿ ಕ್ರ್ಯಾಶಿಗೂ ಒಂದು ಚಿಕ್ಕ ಫೈಲ್ ಇರುತ್ತದೆ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ವಿನ್‌ಡಿಬಿಜಿಯಲ್ಲಿ ಅದನ್ನು ತೆರೆದು ಅನಲೈಜ್ ಆದೇಶ ಕೊಟ್ಟರೆ ಯಾವ ಡ್ರೈವರಿನ ಕೋಡ್ ನಡೆಯುತ್ತಿದ್ದಾಗ ಸಿಸ್ಟಂ ನಿಂತಿತು ಎಂದು ಹೇಳುತ್ತದೆ. ಅದು ಬೆರಳು ತೋರಿಸಿದ ಹೆಸರನ್ನು ಹಾಗೇ ನಂಬಬೇಡಿ. ಎಷ್ಟೋ ಸಲ ಅಲ್ಲಿ ಕಾಣುವುದು ವಿಂಡೋಸ್ ಕರ್ನಲ್‌ನ ಹೆಸರೇ. ಕೋತಿ ಮೊಸರನ್ನ ತಿಂದು ಮೇಕೆ ಬಾಯಿಗೆ ಒರೆಸುವ ಪ್ರಸಂಗ ಇದು. ಯಾವುದೋ ಡ್ರೈವರ್ ಹತ್ತು ನಿಮಿಷದ ಹಿಂದೆ ಮೆಮೊರಿಯ ತಪ್ಪು ಜಾಗದಲ್ಲಿ ಬರೆದು ಹೋಗಿರುತ್ತದೆ, ಆಮೇಲೆ ಆ ಜಾಗವನ್ನು ಓದಲು ಬಂದ ಕರ್ನಲ್ ಸಿಕ್ಕಿಬೀಳುತ್ತದೆ. ಒಂದು ಡಂಪ್ ನೋಡಿ ತೀರ್ಪು ಕೊಡುವುದಕ್ಕಿಂತ ಮೂರು ನಾಲ್ಕನ್ನು ಪಕ್ಕಪಕ್ಕ ಇಟ್ಟು ನೋಡುವುದು ಮೇಲು. ಎಲ್ಲದರಲ್ಲೂ ವೈಫೈ ಡ್ರೈವರಿನದೇ ಹೆಸರು ಬಂದರೆ ಸರಿ, ಅದು ಕೋತಿಯೇ. ಹೆಸರುಗಳು ಚದುರಿಹೋಗಿದ್ದರೆ ರ‍್ಯಾಮ್ ಕಡೆ ತಿರುಗಿ. ಇನ್ನೂ ಆಳಕ್ಕೆ ಹೋಗುವವರಿಗೆ ಡ್ರೈವರ್ ವೆರಿಫೈಯರ್ ಇದೆ. ಅದು ಡ್ರೈವರ್‌ಗಳ ಮೇಲೆ ಬೇಕೆಂದೇ ಒತ್ತಡ ಹಾಕಿ, ತಪ್ಪು ಮಾಡಿದ ಕ್ಷಣದಲ್ಲೇ ಹಿಡಿಯುತ್ತದೆ. ಸಿಸ್ಟಂ ಶುರುವಾಗದೇ ಹೋಗುವ ಸಾಧ್ಯತೆಯೂ ಇರುವುದರಿಂದ ಹಿಂದಿನ ಸ್ಥಿತಿಗೆ ಮರಳಲು ರಿಸ್ಟೋರ್ ಪಾಯಿಂಟ್ ಮಾಡಿಟ್ಟು, ಸೇಫ್ ಮೋಡಿಗೆ ಹೋಗಿ ಅದನ್ನು ಆಫ್ ಮಾಡುವುದು ಹೇಗೆಂದು ತಿಳಿದುಕೊಂಡೇ ಅದನ್ನು ಮುಟ್ಟಿ.

ರ‍್ಯಾಮ್, ಪ್ರೊಸೆಸರ್, ಡಿಸ್ಕ್

ಗೆಳೆಯನ ಕಥೆಗೆ ಬರೋಣ. ಅವನ ಯಂತ್ರದಲ್ಲಿ ಎರಡು ರ‍್ಯಾಮ್ ಸ್ಟಿಕ್‌ಗಳಿದ್ದವು, ಒಂದು ಹಳೆಯದು, ಇನ್ನೊಂದು ಆಮೇಲೆ ಸೇರಿಸಿದ್ದು. ಪೆನ್‌ಡ್ರೈವಿಗೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಹಾಕಿ, ಅದರಿಂದ ಬೂಟ್ ಮಾಡಿ, ರಾತ್ರಿಯಿಡೀ ಬಿಡಲು ಹೇಳಿದೆ. ವಿಂಡೋಸ್ ಜೊತೆ ಬರುವ ಮೆಮೊರಿ ಡಯಾಗ್ನಸ್ಟಿಕ್ ಬೇಗ ಮುಗಿಯುತ್ತದೆ, ಆದರೆ ಎಷ್ಟೋ ದೋಷಗಳು ಅದರ ಕಣ್ಣು ತಪ್ಪಿಸುತ್ತವೆ. ಬೆಳಿಗ್ಗೆ ನೋಡಿದರೆ ಪರದೆ ತುಂಬ ಕೆಂಪು ಸಾಲುಗಳು. ಒಂದು ಸ್ಟಿಕ್ ತೆಗೆದು ಪರೀಕ್ಷೆ ಮಾಡಿದ, ಒಂದೂ ದೋಷವಿಲ್ಲ. ಅದನ್ನು ತೆಗೆದು ಇನ್ನೊಂದನ್ನು ಹಾಕಿದ, ಅದರಲ್ಲೂ ಇಲ್ಲ. ಎರಡನ್ನೂ ಹಾಕಿದರೆ ಮತ್ತೆ ಕೆಂಪು. ಇಲ್ಲಿ ಅವನು ತಲೆ ಮೇಲೆ ಕೈ ಹೊತ್ತು ಕೂತ. ವಿಷಯ ಏನೆಂದರೆ, ಕಂಪ್ಯೂಟರ್ ಆನ್ ಆದಾಗ ಮೊದಲು ಎದ್ದು ಹಾರ್ಡ್‌ವೇರನ್ನು ಸಿದ್ಧಗೊಳಿಸುವ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಆಗಿತ್ತು. ಡಬ್ಬದ ಮೇಲೆ ಬರೆದ ವೇಗದಲ್ಲಿ ರ‍್ಯಾಮ್ ಓಡಿಸುವ ಸೆಟ್ಟಿಂಗ್ ಅದು. ಬಹಳ ಜನ ಅದನ್ನು ಸಹಜ ವೇಗವೆಂದೇ ತಿಳಿದಿದ್ದಾರೆ. ಅದು ನಿಗದಿತ ವೇಗ ಮೀರಿ ಓಡಿಸುವ ಒಂದು ಬಗೆಯ ಓವರ್‌ಕ್ಲಾಕಿಂಗ್. ಒಂಟಿಯಾಗಿ ಆ ವೇಗ ತಾಳಿಕೊಳ್ಳುವ ಎರಡು ಸ್ಟಿಕ್‌ಗಳು ಜೋಡಿಯಾದಾಗ ತಾಳಿಕೊಳ್ಳುತ್ತವೆ ಎಂಬ ಖಾತರಿಯಿಲ್ಲ, ಅದರಲ್ಲೂ ಬೇರೆ ಬೇರೆ ಕಾಲಕ್ಕೆ ಕೊಂಡವು. ಎಕ್ಸ್‌ಎಂಪಿ ಆಫ್ ಮಾಡಿದ ಮೇಲೆ ನಾಲ್ಕು ಸುತ್ತಿನ ಪರೀಕ್ಷೆ ಸೊನ್ನೆ ದೋಷದಲ್ಲಿ ಮುಗಿಯಿತು. ವಿಂಡೋಸಿನ ಒಂದು ಫೈಲನ್ನೂ ನಾವು ಮುಟ್ಟಿರಲಿಲ್ಲ.

ಇದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ. ಲಿನಕ್ಸ್ ಕರ್ನಲ್‌ನ ಜನಕ ಲಿನಸ್ ಟೋರ್ವಾಲ್ಡ್ಸ್‌ಗೂ 2022ರಲ್ಲಿ ಇದೇ ಪಾಡಾಗಿತ್ತು. ಸುಮಾರು ಎರಡೂವರೆ ವರ್ಷ ಸರಿಯಾಗಿದ್ದ ಯಂತ್ರದ ಒಂದು ರ‍್ಯಾಮ್ ಸ್ಟಿಕ್ ಕೆಟ್ಟು, ಕರ್ನಲ್ ಬಿಲ್ಡ್‌ಗಳು ಕಾರಣವಿಲ್ಲದೆ ಬೀಳತೊಡಗಿದವು. ಹಾರ್ಡ್‌ವೇರ್ ಮೇಲೆ ಅನುಮಾನ ಬರಲು ಅವರಿಗೂ ಸಮಯ ಹಿಡಿಯಿತು. ಮೆಮೊರಿಯ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ರ‍್ಯಾಮ್ ಸಾಮಾನ್ಯರ ಕಂಪ್ಯೂಟರಿಗೂ ಸುಲಭವಾಗಿ ಸಿಗಬೇಕೆಂದು ಅದಕ್ಕೂ ಮೊದಲೇ ಕಟುವಾಗಿ ವಾದಿಸಿದ್ದವರು ಅವರು.

ಪ್ರೊಸೆಸರ್ ಎಂದೂ ಕೆಡುವುದಿಲ್ಲ ಎಂಬುದು ರಿಪೇರಿ ಮಾಡುವವರ ಹಳೆಯ ನಂಬಿಕೆ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅದನ್ನು ಅಲುಗಾಡಿಸಿದವು. ಆಟ ಶುರುವಾಗುವಾಗ 'ವಿಡಿಯೊ ಮೆಮೊರಿ ಸಾಲದು' ಎಂಬ ಸಂದೇಶ ಬಂದು ಮುಚ್ಚಿಹೋಗುತ್ತಿತ್ತು. ಜನ ಗ್ರಾಫಿಕ್ಸ್ ಕಾರ್ಡನ್ನು ಬೈದರು, ಡ್ರೈವರ್ ಬದಲಿಸಿದರು, ಕೆಲವರು ಕಾರ್ಡನ್ನೇ ಬದಲಿಸಿದರು. ಕಾರ್ಡ್ ನಿರಪರಾಧಿ. ಪ್ರೊಸೆಸರಿಗೆ ಹೆಚ್ಚಿನ ವೋಲ್ಟೇಜ್ ಹೋಗಿ ಅದರೊಳಗಿನ ಸರ್ಕ್ಯೂಟ್ ಕಾಲಕ್ರಮೇಣ ಬಳಲುತ್ತಿತ್ತು, ಲೆಕ್ಕಗಳು ತಪ್ಪುತ್ತಿದ್ದವು. 2024ರ ಆಗಸ್ಟ್‌ನಿಂದ ಇಂಟೆಲ್ ಬಯೋಸ್ ಮೂಲಕ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ಸೂಚನೆಗಳು) ತಿದ್ದುಪಡಿಗಳನ್ನು ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆದರೆ ಈಗಾಗಲೇ ಬಳಲಿದ ಚಿಪ್ಪನ್ನು ಯಾವ ಅಪ್‌ಡೇಟೂ ಮತ್ತೆ ಹೊಸದು ಮಾಡದು. ಆ ಪೀಳಿಗೆಯ ಪ್ರೊಸೆಸರ್ ಇಟ್ಟುಕೊಂಡು ಇನ್ನೂ ಹಳೆಯ ಬಯೋಸ್‌ನಲ್ಲೇ ಇದ್ದೀರಾದರೆ, ಈ ಲೇಖನ ಬಿಟ್ಟು ಮೊದಲು ಆ ಕೆಲಸ ಮುಗಿಸಿ ಬನ್ನಿ.

ಡಿಸ್ಕಿನ ಲಕ್ಷಣ ಬೇರೆ. ಮೊದಲು ಸಿಸ್ಟಂ ನಿಧಾನವಾಗುತ್ತದೆ, ಅರ್ಧ ನಿಮಿಷ ಕಲ್ಲಾಗಿ ನಿಂತು ಮತ್ತೆ ಓಡುತ್ತದೆ, ಕೊನೆಗೆ 'ಕ್ರಿಟಿಕಲ್ ಪ್ರೊಸೆಸ್ ಡೈಡ್' ಎಂಬ ಪರದೆ. ಈವೆಂಟ್ ವ್ಯೂವರ್‌ನಲ್ಲಿ ಡಿಸ್ಕ್ ಹೆಸರಿನ ಜೊತೆ 7 ಎಂಬ ಸಂಖ್ಯೆ ಕಂಡರೆ ಬ್ಯಾಡ್ ಬ್ಲಾಕ್ ಇದೆ ಎಂದು. 129 ಪದೇಪದೇ ಬರುತ್ತಿದ್ದರೆ ಡಿಸ್ಕ್ ಉತ್ತರಿಸದೆ ರೀಸೆಟ್ ಆಗುತ್ತಿದೆ ಎಂದು. ಸಡಿಲವಾದ ಕೇಬಲ್ಲೂ ಇದಕ್ಕೆ ಕಾರಣವಾಗಬಹುದು. ಕ್ರಿಸ್ಟಲ್‌ಡಿಸ್ಕ್‌ಇನ್ಫೊದಂಥ ಉಚಿತ ಸಾಧನ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಳ್ಳುವ 'ಸ್ಮಾರ್ಟ್' ವಿವರ ತೋರಿಸುತ್ತದೆ. ಹಾರ್ಡ್‌ಡಿಸ್ಕ್‌ನಲ್ಲಿ ರೀಅಲೊಕೇಟೆಡ್ (ಕೆಟ್ಟು ಬದಲಿಸಿದ) ಮತ್ತು ಪೆಂಡಿಂಗ್ (ಓದಲು ತೊಡಕಾದ) ಸೆಕ್ಟರ್‌ಗಳ ಸಂಖ್ಯೆ ವಾರದಿಂದ ವಾರಕ್ಕೆ ಏರುತ್ತಿದ್ದರೆ ಅದರ ದಿನ ಎಣಿಸಿಯಾಯಿತು. ಇಂಥ ಡಿಸ್ಕಿನ ಮೇಲೆ ಎಲ್ಲರೂ ಹೇಳಿಕೊಡುವ ಚೆಕ್‌ಡಿಸ್ಕ್ ಓಡಿಸುವುದು ಉಸಿರು ಸಿಕ್ಕಿಕೊಂಡವನನ್ನು ಬೆಟ್ಟ ಹತ್ತಿಸಿದ ಹಾಗೆ. ಮೂಲೆಮೂಲೆ ಓದಿಸಿ ಅದನ್ನು ಇನ್ನಷ್ಟು ದಣಿಸುತ್ತೀರಿ. ಮೊದಲು ಫೈಲ್‌ಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳಿ, ಉಳಿದದ್ದು ಆಮೇಲೆ.

ಬಿಸಿ ಮತ್ತು ಪವರ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಭಾರದ ಕೆಲಸ ಮಾಡುವಾಗ ಮಾತ್ರ, ನೀಲಿ ಪರದೆಯೂ ಇಲ್ಲದೆ ಫಕ್ಕನೆ ಆರಿಹೋದರೆ ಫ್ಯಾನಿನ ದೂಳು, ಒಣಗಿದ ಥರ್ಮಲ್ ಪೇಸ್ಟ್, ಸುಸ್ತಾದ ಪವರ್ ಸಪ್ಲೈ, ಈ ಮೂರನ್ನು ನೋಡಿದರೆ ಸಾಕು.

ಯಾವುದು ಮೊದಲು, ಯಾವುದು ಆಮೇಲೆ

ರಿಪೇರಿಯಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಒಂದೇ ಸಂಜೆ ಐದು ಬದಲಾವಣೆ. ಡ್ರೈವರ್ ಹೊಸದು ಹಾಕಿ, ಬಯೋಸ್ ಏರಿಸಿ, ಆ್ಯಂಟಿವೈರಸ್ ತೆಗೆದು, ರೆಜಿಸ್ಟ್ರಿ ಕ್ಲೀನರ್ ಓಡಿಸಿ, ಮೇಲಿಂದ ಇನ್ನೊಂದು 'ಡ್ರೈವರ್ ಅಪ್‌ಡೇಟರ್' ಹಾಕುತ್ತಾರೆ. ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ಗೊತ್ತಿಲ್ಲ, ಹೋಗದಿದ್ದರೆ ಈಗ ಐದು ಹೊಸ ಅನುಮಾನಗಳು. ರೆಜಿಸ್ಟ್ರಿ ಕ್ಲೀನರ್ ಮತ್ತು ಡ್ರೈವರ್ ಅಪ್‌ಡೇಟರ್ ಎಂಬ ಎರಡು ಬಗೆಯ ತಂತ್ರಾಂಶಗಳಿಂದ ಕ್ರ್ಯಾಶ್ ನಿಂತದ್ದನ್ನು ನಾನಂತೂ ಒಮ್ಮೆಯೂ ನೋಡಿಲ್ಲ, ಶುರುವಾದದ್ದನ್ನು ನೋಡಿದ್ದೇನೆ. ಒಂದು ಬದಲಾವಣೆ, ಆಮೇಲೆ ಒಂದೆರಡು ದಿನ ಕಾಯುವುದು, ಆಮೇಲೆ ಇನ್ನೊಂದು. ಹೊಸ ಡ್ರೈವರ್ ಬಂದ ಮೇಲೆ ತೊಂದರೆ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ 'ರೋಲ್ ಬ್ಯಾಕ್' ಒತ್ತುವುದು ಎಲ್ಲಕ್ಕಿಂತ ಅಗ್ಗದ ಪ್ರಯೋಗ.

"ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದೆ, ಆದ್ರೂ ಹೋಗಿಲ್ಲ" ಎನ್ನುವವರಿಗೆ ಒಂದು ಮಾತು. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವಿದೆ. ಅದು ಆನ್ ಇದ್ದಾಗ ಶಟ್‌ಡೌನ್ ಮಾಡಿದರೆ ಕರ್ನಲ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ತನ್ನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಆನ್ ಮಾಡಿದಾಗ ಅದೇ ಸ್ಥಿತಿಯಿಂದ ಏಳುತ್ತದೆ. ಒಳಗೆ ಅಡ್ಡಾದಿಡ್ಡಿಯಾದ ಡ್ರೈವರ್ ಹಾಗೇ ಉಳಿಯುತ್ತದೆ. ಪೂರ್ತಿ ಹೊಸದಾಗಿ ಶುರುವಾಗಬೇಕೆಂದರೆ 'ರೀಸ್ಟಾರ್ಟ್' ಒತ್ತಬೇಕು. ಕೇಳಿದರೆ ತಲೆಕೆಳಗೆ ಅನಿಸುತ್ತದೆ, ಆದರೆ ಇರುವುದೇ ಹೀಗೆ.

ಸಿಸ್ಟಂ ಫೈಲ್‌ಗಳನ್ನು ಸರಿಪಡಿಸುವ ಎರಡು ಆದೇಶಗಳು ಪ್ರಸಿದ್ಧ: ಡಿಐಎಸ್‌ಎಂ ಮತ್ತು ಎಸ್‌ಎಫ್‌ಸಿ. ಮೊದಲಿನದು ಮೂಲಪ್ರತಿಗಳ ಉಗ್ರಾಣವನ್ನು ಸರಿಮಾಡುತ್ತದೆ, ಎರಡನೆಯದು ಆ ಉಗ್ರಾಣದಿಂದ ತೆಗೆದು ಹಾಳಾದ ಫೈಲ್‌ಗಳ ಜಾಗದಲ್ಲಿ ಇಡುತ್ತದೆ. ಆದ್ದರಿಂದ ಅದೇ ಕ್ರಮದಲ್ಲಿ ಓಡಿಸಬೇಕು. ಯಾವ ಕ್ರ್ಯಾಶಿಗೂ ಇವನ್ನೇ ಕಷಾಯದಂತೆ ಕುಡಿಸುವ ರೂಢಿ ಬಂದುಬಿಟ್ಟಿದೆ. ಅಪ್‌ಡೇಟ್ ಅರ್ಧದಲ್ಲಿ ಕರೆಂಟ್ ಹೋಗಿ ಫೈಲ್ ಕೆಟ್ಟಿದ್ದರೆ ಇವು ನಿಜಕ್ಕೂ ಕೆಲಸ ಮಾಡುತ್ತವೆ. ರ‍್ಯಾಮ್ ಕೆಟ್ಟಿರುವಾಗ ಓಡಿಸಿದರೆ, ಕೆಟ್ಟ ಮೆಮೊರಿಯ ಮೂಲಕವೇ ಫೈಲ್‌ಗಳನ್ನು ಮತ್ತೆ ಬರೆಸಿದಂತಾಗುತ್ತದೆ. ಗೆಳೆಯನ ಎರಡನೇ ಇನ್‌ಸ್ಟಾಲ್ ಅರ್ಧದಲ್ಲಿ ನಿಂತದ್ದೂ ಇದೇ ಕಾರಣಕ್ಕೆ.

ವಿಂಡೋಸ್ ಶುರುವೇ ಆಗುತ್ತಿಲ್ಲ ಎಂದಾದರೆ ಎರಡು ಮೂರು ಸಲ ಬೂಟ್ ವಿಫಲವಾದ ಮೇಲೆ ರಿಕವರಿ ಪರದೆ ತಾನೇ ಬರುತ್ತದೆ. ಅಲ್ಲಿಂದ ಕೊನೆಯ ಅಪ್‌ಡೇಟನ್ನು ತೆಗೆಯಬಹುದು, ರಿಸ್ಟೋರ್ ಪಾಯಿಂಟಿಗೆ ಮರಳಬಹುದು, ಸೇಫ್ ಮೋಡಿಗೆ ಹೋಗಬಹುದು. ಸೇಫ್ ಮೋಡಿನಲ್ಲಿ ಯಂತ್ರ ಗಂಟೆಗಟ್ಟಲೆ ನಿಶ್ಚಿಂತೆಯಾಗಿ ಓಡಿದರೆ ಹಾರ್ಡ್‌ವೇರ್ ಬಹುಮಟ್ಟಿಗೆ ಬಚಾವು. ಸೇಫ್ ಮೋಡ್ ಬಿಟ್ಟ ಡ್ರೈವರ್‌ಗಳಲ್ಲಿ ಯಾವುದೋ ಒಂದು ತಪ್ಪಿತಸ್ಥ. 'ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್' ಎಂಬ ಕೋಡ್ ಬಂದರೆ, ಇತ್ತೀಚೆಗೆ ಬಯೋಸ್ ಅಪ್‌ಡೇಟ್ ಮಾಡಿದ್ದೀರಾ ಅಥವಾ ಅದರ ಬ್ಯಾಟರಿ ಬದಲಿಸಿದ್ದೀರಾ ನೆನಪು ಮಾಡಿಕೊಳ್ಳಿ. ಬಯೋಸ್ ಮೊದಲಿನ ಸ್ಥಿತಿಗೆ ಹೋದಾಗ ಡಿಸ್ಕ್ ಕಂಟ್ರೋಲರ್ ಕೆಲಸ ಮಾಡುವ ವಿಧಾನ ಎಎಚ್‌ಸಿಐನಿಂದ ರೇಡ್‌ಗೋ, ರೇಡ್‌ನಿಂದ ಎಎಚ್‌ಸಿಐಗೋ ಬದಲಾಗಿರುತ್ತದೆ. ವಿಂಡೋಸಿಗೆ ತನ್ನ ಡಿಸ್ಕೇ ಕಾಣುವುದಿಲ್ಲ. ಆ ಒಂದು ಸೆಟ್ಟಿಂಗನ್ನು ಹಿಂದಿನಂತೆ ಮಾಡಿದರೆ ಏನೂ ಆಗಿಲ್ಲವೆಂಬಂತೆ ಎದ್ದು ಕೂರುತ್ತದೆ. ಇದಕ್ಕಾಗಿ ಫಾರ್ಮ್ಯಾಟ್ ಮಾಡಿಸಿಕೊಂಡು ಫೋಟೊಗಳನ್ನೆಲ್ಲ ಕಳೆದುಕೊಂಡವರಿದ್ದಾರೆ, ಅದು ಹೊಟ್ಟೆ ಉರಿಯುವ ಸಂಗತಿ.

ಲಿನಕ್ಸ್ ಬಳಸುವವರಿಗೆ ಒಂದು ಅನುಕೂಲ ಜಾಸ್ತಿ. ಹೊಸ ಕರ್ನಲ್ ಬಂದರೂ ಹಳೆಯದು ಡಿಸ್ಕಿನಲ್ಲೇ ಇರುತ್ತದೆ. ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಅದನ್ನು ಆಯ್ದು ಬೂಟ್ ಮಾಡಿದರೆ ತಪ್ಪು ಹೊಸ ಕರ್ನಲ್‌ನದೋ ಅಲ್ಲವೋ ಎರಡೇ ನಿಮಿಷದಲ್ಲಿ ತಿಳಿಯುತ್ತದೆ. ಹಿಂದಿನ ಬೂಟ್‌ನ ದಾಖಲೆಯನ್ನು ಜರ್ನಲ್‌ಸಿಟಿಎಲ್ ತೋರಿಸುತ್ತದೆ. ಮ್ಯಾಕ್‌ನಲ್ಲಿ ಪ್ಯಾನಿಕ್ ಕಡಿಮೆ. 2019ರ ಕ್ಯಾಟಲಿನಾ ಆವೃತ್ತಿಯಿಂದ ಆ್ಯಪಲ್ ಹೊರಗಿನವರ ಕೋಡನ್ನು ಕರ್ನಲ್‌ನಿಂದ ಹಂತಹಂತವಾಗಿ ಆಚೆ ಕಳಿಸುತ್ತ ಬಂದಿದೆ. ಪಂಕ್ತಿಯಲ್ಲಿ ಕೂರುವವರು ಕಡಿಮೆಯಾದಷ್ಟೂ ಎಲೆ ಮಗುಚುವುದೂ ಕಡಿಮೆ.

ವಿಂಡೋಸ್ ಕೂಡ ಈಗ ಅದೇ ದಾರಿಗೆ ಬರುತ್ತಿದೆ, ತಡವಾಗಿ. ಭದ್ರತಾ ತಂತ್ರಾಂಶಗಳು ಕರ್ನಲ್‌ನ ಹೊರಗಿನಿಂದಲೇ ಕೆಲಸ ಮಾಡುವಂತೆ ವ್ಯವಸ್ಥೆ ರೂಪಿಸುವುದಾಗಿ 2024ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಹೇಳಿತು. ಭದ್ರತಾ ಕಂಪನಿಗಳಿಗೆ ಇದರಿಂದ ಪೂರ್ತಿ ಸಮಾಧಾನವಿಲ್ಲ, ಅವರ ಅಳುಕಿನಲ್ಲಿ ಹುರುಳೂ ಇದೆ: ವೈರಸ್ ಕರ್ನಲ್ ಒಳಗೆ ನುಗ್ಗಿದರೆ ಕಾವಲುಗಾರ ಬಾಗಿಲ ಹೊರಗೆ ನಿಂತು ಏನು ಮಾಡುತ್ತಾನೆ? ಮೈಕ್ರೋಸಾಫ್ಟ್‌ನದೇ ಆ್ಯಂಟಿವೈರಸ್ ಡಿಫೆಂಡರ್ ಒಳಗಿದ್ದು ಉಳಿದವರೆಲ್ಲ ಹೊರಗಾದರೆ ಸ್ಪರ್ಧೆಯ ಪ್ರಶ್ನೆಯೂ ಏಳುತ್ತದೆ. ಅದೇ ವೇಳೆ ಪ್ರಕಟಿಸಿದ ಇನ್ನೊಂದು ಸೌಲಭ್ಯ 'ಕ್ವಿಕ್ ಮೆಷಿನ್ ರಿಕವರಿ'. ಯಂತ್ರ ಬೂಟ್ ಆಗದೆ ರಿಕವರಿಗೆ ಬಂದಾಗ ಅಲ್ಲಿಂದಲೇ ಇಂಟರ್ನೆಟ್‌ಗೆ ಹೋಗಿ ತಿದ್ದುಪಡಿ ತಂದುಕೊಳ್ಳುವುದು ಅದರ ಕೆಲಸ. ಜುಲೈ 19ರಂಥ ದಿನಕ್ಕೆ ಒಳ್ಳೆಯ ಮದ್ದು. ಒಬ್ಬರ ಮನೆಯ ರ‍್ಯಾಮ್ ಕೆಟ್ಟರೆ ಅದರಿಂದ ಉಪಯೋಗವಿಲ್ಲ. 2025ರಲ್ಲಿ ನೀಲಿ ಪರದೆಯನ್ನೇ ಕಪ್ಪು ಮಾಡಿ, ಅಳುವ ಮುಖವನ್ನೂ ಕ್ಯೂಆರ್ ಕೋಡನ್ನೂ ತೆಗೆದರು. ಹೋದ ಬಣ್ಣದ ಬಗ್ಗೆ ನನಗೆ ದುಃಖವಿಲ್ಲ. ಸ್ಟಾಪ್ ಕೋಡ್ ಮತ್ತು ತಪ್ಪಿದ ಡ್ರೈವರಿನ ಹೆಸರನ್ನು ಉಳಿಸಿಕೊಂಡದ್ದು ದೊಡ್ಡ ಪುಣ್ಯ.

ಆ ಜುಲೈ ದಿನ ಫೈಲ್ ಅಳಿಸುವ ಕೆಲಸ ಅಷ್ಟು ದಿನ ಎಳೆದದ್ದಕ್ಕೆ ಇನ್ನೊಂದು ಕಾರಣ, ಡಿಸ್ಕಿನ ಮಾಹಿತಿಗೆ ಬೀಗ ಹಾಕುವ (ಎನ್‌ಕ್ರಿಪ್ಟ್ ಮಾಡುವ) ವಿಂಡೋಸಿನ ಬಿಟ್‌ಲಾಕರ್. ಎನ್‌ಕ್ರಿಪ್ಟ್ ಆದ ಡಿಸ್ಕಿಗೆ ರಿಕವರಿಯಿಂದ ಕೈ ಹಾಕಬೇಕಾದರೆ 48 ಅಂಕಿಗಳ ಕೀ ಬೇಕು. ಕೆಲವು ಕಡೆ ಆ ಕೀಗಳನ್ನು ಇಟ್ಟಿದ್ದ ಸರ್ವರ್ ಕೂಡ ನೀಲಿ ಪರದೆಯಲ್ಲೇ ನಿಂತಿತ್ತು. ಈಗ ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿ ಹೊಸದಾಗಿ ಹಾಕಿದರೆ ಬಹಳಷ್ಟು ಯಂತ್ರಗಳಲ್ಲಿ ಎನ್‌ಕ್ರಿಪ್ಷನ್ ತಾನಾಗೇ ಆನ್ ಆಗುತ್ತದೆ, ಕೀ ಆ ಅಕೌಂಟಿನಲ್ಲಿ ಉಳಿಯುತ್ತದೆ.

ಗೆಳೆಯನಿಗೆ ಇದು ಗೊತ್ತಿರಲಿಲ್ಲ. ರ‍್ಯಾಮ್ ಹೊಂದಾಣಿಕೆ ಸುಧಾರಿಸುತ್ತದೆಂದು ಬಯೋಸ್ ಅಪ್‌ಡೇಟ್ ಮಾಡಿದ, ರೀಸ್ಟಾರ್ಟ್ ಆಯಿತು, ನಾಲ್ಕನೇ ಫೋಟೊ ಬಂತು. ಮತ್ತೆ ನೀಲಿ ಬಣ್ಣ, ಆದರೆ ಈ ಸಲ ಕ್ರ್ಯಾಶ್ ಅಲ್ಲ, 48 ಅಂಕಿ ಕೇಳುವ ಖಾನೆ. "ಫಾರ್ಮ್ಯಾಟ್ ಮಾಡ್ಲಾ?" ಎಂದು ಕೆಳಗೆ ಬರೆದಿದ್ದ. ಮೊಬೈಲಿನಲ್ಲಿ ಅಕೌಂಟ್ ತೆರೆದು ನೋಡಲು ಹೇಳಿದೆ. ಕೀ ಅಲ್ಲೇ ಇತ್ತು. ಆರಾರು ಅಂಕಿಯಂತೆ ಎಂಟು ಗುಂಪು, ಒಂದು ಸಲ ತಪ್ಪಿ ಎರಡನೇ ಸಲಕ್ಕೆ ತೆರೆಯಿತು. ಆಮೇಲೆ ಅವನಿಂದ ಫೋಟೊ ಬಂದಿಲ್ಲ.